ಗೆಳೆಯನ ಅಭಾವ

ನ್ಯಾಯ-ವೈಶೇಷಿಕ ಶಾಸ್ತ್ರದವರು ಲೋಕದಲ್ಲಿ ಇರುವುದನ್ನೆಲ್ಲ ಏಳು ಪದಾರ್ಥಗಳಾಗಿ ವಿಂಗಡಿಸುತ್ತಾರೆ. ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ, ಕೊನೆಗೆ ಅಭಾವ. ಕಣಾದನ ಹಳೆಯ ಎಣಿಕೆ ಆರಕ್ಕೇ ನಿಂತಿತ್ತು. ಏಳನೆಯದನ್ನು ಸಾಲಿಗೆ ಸೇರಿಸಿದವರು ಆಮೇಲಿನವರು. 17ನೇ ಶತಮಾನದಲ್ಲಿ ಅನ್ನಂಭಟ್ಟ ಮಕ್ಕಳಿಗೂ ತಿಳಿಯಲೆಂದು ತರ್ಕಸಂಗ್ರಹ ಬರೆಯುವ ಹೊತ್ತಿಗೆ ಏಳು ಎಂಬುದು ಪಾಠವೇ ಆಗಿತ್ತು. ಒಂದು ವಸ್ತು ಇಲ್ಲದಿರುವುದೂ ಮಣ್ಣು, ನೀರು, ಬಣ್ಣಗಳಂತೆ ಲೋಕದ ಒಂದು ಸಂಗತಿ, ನಮ್ಮ ಕಲ್ಪನೆಯಲ್ಲ ಎಂದು ಅವರು ಪಟ್ಟು ಹಿಡಿದರು.

ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ತೀರಿಕೊಂಡ ಮೇಲೆ ಈ ಏಳನೆಯ ಪದಾರ್ಥವನ್ನು ನಾನು ಬಿಟ್ಟೂಬಿಡದೆ ಓದಿದ್ದೇನೆ. ಅವನು ಮಧುವನಹಳ್ಳಿಯವನು. ಕೊಳ್ಳೇಗಾಲದಿಂದ ಹನೂರಿನ ಕಡೆಗೆ, ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯ ಊರು ಅದು. ಈಗಲೂ ಬಸ್ಸು ಅಲ್ಲಿ ನಿಂತಾಗ ಬೆಟ್ಟಕ್ಕೆ ಹೊರಟ ಯಾತ್ರಿಕರಿಗೆ ಕಾಣುವುದೆಲ್ಲ ನನಗೂ ಕಾಣುತ್ತದೆ: ಅಂಗಡಿ, ಹತ್ತುವವರು, ಇಳಿಯುವವರು. ಅವರಿಗೆ ಕಾಣದ ಇನ್ನೊಂದೂ ನನಗೆ ಕಾಣುತ್ತದೆ. ಅವನು ಅಲ್ಲಿಲ್ಲ.

ಇದನ್ನು ‘ಕಾಣುವುದು’ ಎನ್ನಬಹುದೆ? ನಮ್ಮ ದಾರ್ಶನಿಕರು ನೂರಾರು ವರ್ಷ ಜಗಳವಾಡಿದ್ದು ಇದರ ಮೇಲೆಯೇ. ಅವರು ಕೊಡುವ ಉದಾಹರಣೆ ತೀರ ಸರಳವಾದದ್ದು: ನೆಲದ ಮೇಲೆ ಗಡಿಗೆ ಇಲ್ಲ. ನೆಲವನ್ನು ಕಂಡ ಕಣ್ಣೇ ಗಡಿಗೆಯ ಅಭಾವವನ್ನೂ ಕಾಣುತ್ತದೆ ಎಂದರು ನೈಯಾಯಿಕರು. 7ನೇ ಶತಮಾನದ ಮೀಮಾಂಸಕ ಕುಮಾರಿಲಭಟ್ಟ ಒಪ್ಪಲಿಲ್ಲ. ಇಲ್ಲದ್ದಕ್ಕೆ ಕಣ್ಣು ಹೋಗಿ ತಾಗುವುದು ಹೇಗೆ? ಅದನ್ನು ತಿಳಿಯಲು ಅನುಪಲಬ್ಧಿ ಎಂಬ ಬೇರೆಯೇ ಪ್ರಮಾಣ ಬೇಕು ಎಂದ. ಇದ್ದಿದ್ದರೆ ಕಾಣಲೇಬೇಕಿತ್ತು, ಕಾಣುತ್ತಿಲ್ಲ, ಆದ್ದರಿಂದ ಇಲ್ಲ. ಅದೇ ಮೀಮಾಂಸೆಯ ಇನ್ನೊಬ್ಬ ಆಚಾರ್ಯ ಪ್ರಭಾಕರನ ಮಾತು ಎಲ್ಲಕ್ಕಿಂತ ಕಟುವಾದದ್ದು. ಅಭಾವ ಎಂಬ ವಸ್ತುವೇ ಇಲ್ಲ, ಇರುವುದು ಬರಿ ನೆಲ ಅಷ್ಟೇ ಎಂದುಬಿಟ್ಟ.

ಪ್ರಭಾಕರನನ್ನು ಕೇಳಿದರೆ, ಮಧುವನಹಳ್ಳಿಯ ಬಸ್ ನಿಲ್ದಾಣದಲ್ಲಿ ಇರುವುದು ಬರಿ ನಿಲ್ದಾಣ, ಮಿಕ್ಕಿದ್ದು ನಿನ್ನ ದುಃಖ ಎಂದಾನು. ಇದನ್ನು ಗೌರವದಿಂದ ಯೋಚಿಸಿ ನೋಡಿದ್ದೇನೆ, ಒಪ್ಪಲು ಆಗಿಲ್ಲ. ದುಃಖ ನನ್ನದು, ನಿಜ. ಆದರೆ ‘ಅವನಿಲ್ಲ’ ಎಂಬುದು ನನ್ನ ಮನಸ್ಸಿನ ಸುದ್ದಿಯಲ್ಲ, ಲೋಕದ ಸುದ್ದಿ. ಅದು ಸುಳ್ಳಾಗಬಹುದಿತ್ತು, ಯಾರಾದರೂ ಬಂದು ಅಲ್ಲಗಳೆಯಬಹುದಿತ್ತು. ನಾನು ಅತ್ತರೂ ಅಳದಿದ್ದರೂ ಅದು ಹಾಗೇ ಇರುತ್ತದೆ.

ಇಲ್ಲಿ ವಾದಿಗಳೆಲ್ಲ ಗಮನಿಸಿದ ಒಂದು ಅಂಶವಿದೆ. ಅಭಾವ ಯಾವತ್ತೂ ಇಂಥದರ ಅಭಾವವೇ ಆಗಿರುತ್ತದೆ. ಇಲ್ಲದಿರುವ ಆ ವಸ್ತುವಿಗೆ ಪ್ರತಿಯೋಗಿ ಎಂದು ಹೆಸರು. ಪ್ರತಿಯೋಗಿಯ ನೆನಪಿಲ್ಲದವನಿಗೆ ಅದರ ಅಭಾವ ತಿಳಿಯುವುದಿಲ್ಲ. ತರಗತಿಯಲ್ಲಿ ಹಾಜರಿ ಕರೆಯುವುದನ್ನು ನೆನಪಿಸಿಕೊಳ್ಳಿ. ಯಾರು ಬಂದಿಲ್ಲ ಎಂದು ಮೇಷ್ಟ್ರಿಗೆ ಗೊತ್ತಾಗುವುದು ಹೆಸರು ಪುಸ್ತಕದಲ್ಲಿ ಇರುವುದರಿಂದ. ಪಕ್ಕದೂರಿನ ಶಾಲೆಯ ಹುಡುಗರೂ ಆ ಕೋಣೆಯಲ್ಲಿ ಇರುವುದಿಲ್ಲ; ಅವರನ್ನು ಯಾರೂ ಗೈರುಹಾಜರಿ ಎಂದು ಬರೆಯುವುದಿಲ್ಲ. ನೆನಪು ಎಂದರೆ ಆ ಹಾಜರಿ ಪುಸ್ತಕ. ಬಸ್ಸಿನಲ್ಲಿ ಕೂತ ಯಾತ್ರಿಕರ ಪುಸ್ತಕದಲ್ಲಿ ನನ್ನ ಗೆಳೆಯನ ಹೆಸರಿಲ್ಲ. ಅವರ ಕಣ್ಣಿಗೆ ಏನೂ ಕೊರತೆಯಿಲ್ಲ, ಆದರೂ ಅವನಿಲ್ಲ ಎಂಬುದನ್ನು ಅವರು ಕಾಣಲಾರರು.

ಉತ್ತರ ಆಫ್ರಿಕದ ಥಗಾಸ್ಟೆ ಎಂಬ ಸಣ್ಣ ಊರಿನಲ್ಲಿ 354ರಲ್ಲಿ ಹುಟ್ಟಿದ ಕ್ರೈಸ್ತ ದಾರ್ಶನಿಕ ಅಗಸ್ಟೀನ್ ತನ್ನ ಆತ್ಮನಿವೇದನೆಯ ನಾಲ್ಕನೆಯ ಭಾಗದಲ್ಲಿ ಒಬ್ಬ ಗೆಳೆಯನ ವಿಷಯ ಬರೆದಿದ್ದಾನೆ. ಇಬ್ಬರೂ ಒಟ್ಟಿಗೆ ಬೆಳೆದವರು, ಒಟ್ಟಿಗೆ ಶಾಲೆಗೆ ಹೋದವರು. ಆ ಗೆಳೆಯ ಜ್ವರ ಬಂದು ತೀರಿಕೊಂಡ. ಅಗಸ್ಟೀನ್ ಅವನ ಹೆಸರನ್ನು ಎಲ್ಲೂ ಹೇಳುವುದಿಲ್ಲ. ಕಣ್ಣು ಎಲ್ಲೆಡೆ ಅವನನ್ನೇ ಹುಡುಕುತ್ತಿತ್ತು, ಅವನಿಲ್ಲದ್ದರಿಂದ ಹುಟ್ಟಿದ ಊರೇ ಹಿಂಸೆಯಾಯಿತು ಎಂದು ಬರೆದು, ಕಡೆಗೆ ಊರು ಬಿಟ್ಟು ಕಾರ್ಥೇಜಿಗೆ ಹೋದದ್ದನ್ನು ಹೇಳುತ್ತಾನೆ. ನಮ್ಮ ಶಾಸ್ತ್ರವನ್ನು ಕೇಳಿಯೂ ಅರಿಯದ ಆತ ಅನುಪಲಬ್ಧಿಯನ್ನು ಎಷ್ಟು ಸರಿಯಾಗಿ ಅನುಭವಿಸಿದ್ದ! ಗೆಳೆಯ ಇರಬೇಕಿದ್ದ ಜಾಗಗಳಲ್ಲೇ ಅವನಿಲ್ಲದ್ದು ಕಾಡಿತು. ಅವನನ್ನು ಕಂಡು ರೂಢಿಯಿಲ್ಲದ ಊರಿನಲ್ಲಿ ಆ ಕಾಟ ಕಡಿಮೆ.

ಅಭಾವದಲ್ಲೂ ಬಗೆಗಳಿವೆ. ವಸ್ತು ಹುಟ್ಟುವ ಮೊದಲಿನದು ಪ್ರಾಗಭಾವ. ಅದಕ್ಕೆ ಆರಂಭವಿಲ್ಲ, ಕೊನೆಯಿದೆ. ನಾಶವಾದ ಮೇಲಿನದು ಪ್ರಧ್ವಂಸಾಭಾವ. ಅದಕ್ಕೆ ಆರಂಭವಿದೆ, ಕೊನೆಯಿಲ್ಲ. ಅತ್ಯಂತಾಭಾವ, ಅನ್ಯೋನ್ಯಾಭಾವ ಎಂಬ ಇನ್ನೆರಡು ಇಲ್ಲಿ ಬೇಡ. ಇವಲ್ಲದೆ, ಎತ್ತಿಟ್ಟ ಗಡಿಗೆ ಮತ್ತೆ ಬರುವವರೆಗಿನ ಸಾಮಯಿಕಾಭಾವವನ್ನೂ ಕೆಲವರು ಹೇಳುತ್ತಾರೆ. ನನ್ನ ಗೆಳೆಯನ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಎದ್ದರೆ ಹಗಲೂ ರಾತ್ರಿ ಸೊಪ್ಪು ಬೇಕು, ಹಣ್ಣಾದರೆ ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ಮನೆಮಂದಿಯೆಲ್ಲ ಬೇಕು. ಆ ದಿನಗಳಲ್ಲಿ ಅವನು ಸ್ಕೂಲಿಗೆ ಬರುತ್ತಿರಲಿಲ್ಲ. ಗೂಡು ಮಾರಿದ ಮೇಲೆ ಬರುತ್ತಿದ್ದ, ಬೆರಳಲ್ಲಿ ಇನ್ನೂ ಸೊಪ್ಪಿನ ಕರೆ ಇರುತ್ತಿತ್ತು. ಖಾಲಿ ಜಾಗ ಆಗಲೂ ಖಾಲಿಯೇ, ಈಗಲೂ ಖಾಲಿಯೇ. ನೋಡಲು ಒಂದೇ ಥರ. ಆದರೆ ಒಂದಕ್ಕೆ ಕೊನೆಯಿತ್ತು.

ಆತ್ಮ ನಿತ್ಯವಲ್ಲವೆ, ಧ್ವಂಸವೆಲ್ಲಿ ಬಂತು ಎಂದು ಕೇಳಬಹುದು. ನೈಯಾಯಿಕರೂ ಆತ್ಮ ನಿತ್ಯವೆಂದೇ ನಂಬಿದವರು. ನಾಶವಾಗುವುದು ದೇಹ. ಆದರೆ ನಾವು ಗೆಳೆತನ ಮಾಡಿದ್ದು ಆ ದನಿ, ಆ ನಡಿಗೆ, ಬೆರಳಿನ ಆ ಕರೆಯ ಜೊತೆಗೆ. ಆತ್ಮ ಉಳಿಯುತ್ತದೆ ಎಂಬ ಸಮಾಧಾನ ಸತ್ಯವೇ ಇರಲಿ, ಅದು ಈ ಧ್ವಂಸವನ್ನು ಅಳಿಸುವುದಿಲ್ಲ. ಅವರ ಲೆಕ್ಕದಲ್ಲೂ ಅಳಿಸುವುದಿಲ್ಲ.

ನವ್ಯನ್ಯಾಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನನಗೆ ಬಹಳ ಮುಖ್ಯವಾಗಿ ಕಂಡದ್ದು ಇದು. ಪ್ರತಿಯೋಗಿ ಯಾವುದು ಎಂದು ಹೇಳಿದರೆ ಸಾಲದು, ಯಾವ ರೂಪದಲ್ಲಿ ಅದು ಪ್ರತಿಯೋಗಿ ಎಂದೂ ಹೇಳಬೇಕು. ಆ ರೂಪವನ್ನು ಗುರುತಿಸಿಕೊಡುವ ಧರ್ಮಕ್ಕೆ ಅವಚ್ಛೇದಕ ಎನ್ನುತ್ತಾರೆ. ‘ಇಲ್ಲಿ ನೀಲಿ ಗಡಿಗೆ ಇಲ್ಲ’ ಎಂಬುದೂ ‘ಇಲ್ಲಿ ಗಡಿಗೆಯೇ ಇಲ್ಲ’ ಎಂಬುದೂ ಬೇರೆ ಬೇರೆ ಅಭಾವಗಳು. ಹಾಗಾದರೆ ಸತ್ತವನು ಒಬ್ಬನೇ ಆದರೂ ಅವನ ಅಭಾವಗಳು ಹಲವು. ತಾಯಿಗೆ ಮಗನಾಗಿ ಅವನಿಲ್ಲ, ಹೆಂಡತಿಗೆ ಗಂಡನಾಗಿ, ಮಕ್ಕಳಿಗೆ ಅಪ್ಪನಾಗಿ. ಹಾಲು-ತುಪ್ಪ, ತಿಥಿ, ಹಿರಿಯರ ಹಬ್ಬದ ಎಡೆ ಈ ಅಭಾವಗಳಿಗೆಲ್ಲ ಒಂದು ಜಾಗ ಕೊಟ್ಟಿವೆ. ಜೊತೆಯಲ್ಲಿ ಓದಿದವನು ಅಲ್ಲಿ ಬಂದು ಉಂಡು ಹೋಗುವ ನೆಂಟನಂತೆ ಕೂರುತ್ತಾನೆ. ಆದರೆ ಒಂಬತ್ತನೇ ಕ್ಲಾಸಿನ ಆ ಹುಡುಗನ ಅಭಾವ ಗೊತ್ತಿರುವುದು ಆ ನೆಂಟನಿಗೆ ಮಾತ್ರ. ಮನೆಯವರು ಕಂಡಿದ್ದು ಸೊಪ್ಪು ಹೊರುವ ಮಗನನ್ನು. ಗಣಿತದ ಲೆಕ್ಕವನ್ನು ಮೇಷ್ಟ್ರಿಗಿಂತ ಚುಟುಕಾಗಿ ಬಿಡಿಸಿ, ನಾಚಿಕೊಂಡು ಕೂತುಬಿಡುತ್ತಿದ್ದ ಹುಡುಗನನ್ನಲ್ಲ.

ಅವನ ತಾಯಿ ನನ್ನನ್ನು ಕೇಳಿದ್ದರು: “ಇಸ್ಕೂಲಲ್ಲಿ ಅವ ಹೆಂಗಿದ್ದ ಮಗ?” ಆ ಪ್ರಶ್ನೆಗೆ ನಾನು ಹೇಳಿದ್ದನ್ನೆಲ್ಲ ಅವರು ಮೊದಲ ಸಲ ಕೇಳುವವರಂತೆ ಕೇಳಿಸಿಕೊಂಡರು. ಅವನ ಮಕ್ಕಳೂ ಬಂದು ಕೂತರು. ನೆನಪಿಲ್ಲದವರಿಗೆ ಅಭಾವ ತಿಳಿಯದು ಎಂಬ ಶಾಸ್ತ್ರದ ಮಾತು ನಿಜವಾದರೆ, ನೆನಪನ್ನು ಹೇಳಿಕೊಟ್ಟರೆ ಅಭಾವವೂ ತಿಳಿಯುತ್ತದೆ. ಅಲ್ಲಿಯವರೆಗೆ ನಾನೊಬ್ಬನೇ ಬಲ್ಲ ಅವನನ್ನು ಕಳೆದುಕೊಳ್ಳುವ ಹಕ್ಕು ಅವರಿಗೂ ಸಿಗುತ್ತದೆ.

ನಿಮ್ಮ ಜೊತೆ ಓದಿದವರು ಯಾರಾದರೂ ತೀರಿಕೊಂಡಿದ್ದರೆ, ಒಂದು ಭಾನುವಾರ ಅವರ ಮನೆಗೆ ಹೋಗಿ. ಶಾಲೆಯ ಫೋಟೋ ಇದ್ದರೆ ತೆಗೆದುಕೊಂಡು ಹೋಗಿ. ಅವರ ಮಕ್ಕಳನ್ನು ಕೂರಿಸಿಕೊಂಡು, ನಿಮಗೆ ಮಾತ್ರ ಗೊತ್ತಿರುವುದನ್ನು ಹೇಳಿ ಬನ್ನಿ.