ನಾಲಗೆಯ ಸುಖ ಮತ್ತು ಧರ್ಮ: ಬೆಂಗಳೂರು ದಂಡಿನ ನಿದರ್ಶನ

ಹಸಿದವರಿಗೆ ಅನ್ನ ಕೊಡಬೇಕು ಎಂಬುದರಲ್ಲಿ ಧರ್ಮಗಳ ನಡುವೆ ತಕರಾರಿಲ್ಲ. ಚರ್ಚೆ ಶುರುವಾಗುವುದು ಹಸಿವು ತೀರಿದ ಮೇಲೆ. ಹೊಟ್ಟೆ ತುಂಬಿದ್ದರೂ ನಾಲಗೆ ಇನ್ನೇನನ್ನೋ ಕೇಳುತ್ತದೆ. ಒಂದು ಮಸಾಲೆ ದೋಸೆಗಾಗಿ ಬಿಸಿಲಲ್ಲಿ ಸಾಲು ನಿಲ್ಲುವವರಿದ್ದಾರೆ. ಬಿರಿಯಾನಿಗಾಗಿ ಊರಿನ ಈ ತುದಿಯಿಂದ ಆ ತುದಿಗೆ ಹೋಗುವವರಿದ್ದಾರೆ. ಕೇಕಿನ ಹದ ಕೈಗೆ ಹತ್ತುವವರೆಗೆ ವಾರಗಟ್ಟಲೆ ಮನೆಯ ಓವನ್ ಮುಂದೆ ನಿಲ್ಲುವವರೂ ಇದ್ದಾರೆ. ಈ ಉತ್ಸಾಹ ಧರ್ಮದ ದೃಷ್ಟಿಯಲ್ಲಿ ದೌರ್ಬಲ್ಯವೋ, ಗುಣವೋ, ಅಥವಾ ಎರಡೂ ಅಲ್ಲದ ಬರಿಯ ರೂಢಿಯೋ ಎಂಬುದು ಹಳೆಯ ಪ್ರಶ್ನೆ.

ಇದನ್ನು ವಿಚಾರ ಮಾಡಲು ಬೆಂಗಳೂರಿನ ದಂಡು ಪ್ರದೇಶ ಒಳ್ಳೆಯ ನೆಲ. 1809ರಲ್ಲಿ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣವನ್ನು ಬಿಟ್ಟು ಹಲಸೂರಿನ ಬಳಿ ನೆಲೆಸಿದಾಗ ದಂಡು ಬೆಳೆಯತೊಡಗಿತು. ಪೇಟೆಗೂ ದಂಡಿಗೂ ಆಡಳಿತ ಬೇರೆಬೇರೆಯಾಗಿತ್ತು. ಎರಡೂ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಸೇನೆಯ ಹಿಂದೆ ತಮಿಳು ಮಾತಾಡುವ ಕುಶಲಕರ್ಮಿಗಳು, ದಖ್ಖನಿ ಮಾತಾಡುವ ಮುಸ್ಲಿಮರು, ಆಂಗ್ಲೋ-ಇಂಡಿಯನ್ನರು, ಬಗೆಬಗೆಯ ವ್ಯಾಪಾರಿಗಳು ಬಂದು, ಮೊದಲಿನಿಂದಲೂ ಇದ್ದ ಕನ್ನಡ, ತೆಲುಗು ಮನೆಗಳ ನೆರೆಯವರಾದರು. ಶಿವಾಜಿನಗರದ ರಸೆಲ್ ಮಾರ್ಕೆಟ್ಟು, ಸೇಂಟ್ ಮೇರಿ ಬೆಸಿಲಿಕಾ, ಹಲಸೂರಿನ ಸೋಮೇಶ್ವರ ದೇವಸ್ಥಾನ, ಕೆರೆಯ ಬಳಿಯ ಗುರುದ್ವಾರ, ಫ್ರೇಜರ್ ಟೌನಿನ ಮಾಸ್ಕ್ ರಸ್ತೆ ಎಲ್ಲವೂ ಕೆಲವೇ ಕಿಲೋಮೀಟರುಗಳ ಒಳಗಿವೆ. ಒಬ್ಬರ ಉಪವಾಸ ಮತ್ತೊಬ್ಬರ ಊಟದ ಪಕ್ಕದಲ್ಲೇ ನಡೆಯುವುದು ಇಲ್ಲಿ ದಿನನಿತ್ಯದ ಸಂಗತಿ.

ರುಚಿಗೆ ಎದುರಾದ ವಾದ

ರುಚಿಯನ್ನು ಸಂಶಯದಿಂದ ನೋಡುವ ಪರಂಪರೆಗಳು ಬಲವಾಗಿವೆ. ಜೈನರ ಆರು ಬಾಹ್ಯ ತಪಸ್ಸುಗಳಲ್ಲಿ ಉಪವಾಸದ ಜೊತೆಗೆ ಹಸಿವಿಗಿಂತ ಕಡಿಮೆ ಉಣ್ಣುವುದೂ, ಹಾಲು, ತುಪ್ಪ, ಸಕ್ಕರೆಗಳಂಥ ರಸಗಳನ್ನು ತ್ಯಜಿಸುವುದೂ ಸೇರಿವೆ. ರಸಪರಿತ್ಯಾಗವನ್ನು ಬೇರೆ ತಪಸ್ಸಾಗಿಯೇ ಎಣಿಸಿರುವುದು ಗಮನಾರ್ಹ. ಊಟ ಬಿಟ್ಟವನೂ ಮರುದಿನದ ಊಟದ ರುಚಿಯನ್ನೇ ನೆನೆಯುತ್ತಿರಬಹುದು. ಹೊಟ್ಟೆಯನ್ನು ಗೆದ್ದವನು ನಾಲಗೆಯನ್ನು ಗೆದ್ದಿರಲೇಬೇಕೆಂದಿಲ್ಲ. ಬೌದ್ಧ ಭಿಕ್ಷುವಿಗೂ ಆಹಾರ ದೇಹವನ್ನು ಉಳಿಸಿಕೊಳ್ಳುವ ಸಾಧನ ಮಾತ್ರ; ವಿನೋದಕ್ಕಾಗಿ ಉಣ್ಣುತ್ತಿಲ್ಲವೆಂದು ಪ್ರತಿ ಊಟದಲ್ಲೂ ನೆನಪಿಸಿಕೊಳ್ಳುವುದು ಅವನ ಸಾಧನೆಯ ಭಾಗ.

ಕ್ರೈಸ್ತ ಚಿಂತನೆ ಹೊಟ್ಟೆಬಾಕತನವನ್ನು ಮೂಲ ಪಾಪಪ್ರವೃತ್ತಿಗಳಲ್ಲಿ ಒಂದೆಂದು ಎಣಿಸಿತು. 6ನೇ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗೊರಿ ಅದರ ಐದು ರೂಪಗಳನ್ನು ಗುರುತಿಸಿದ: ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯದನ್ನೇ ಬಯಸುವುದು, ಅತಿ ನಾಜೂಕಾದ ಅಡುಗೆಯನ್ನೇ ಕೇಳುವುದು, ಮಿತಿಮೀರಿ ತಿನ್ನುವುದು, ಆತುರದಿಂದ ಮುಗಿಬೀಳುವುದು. ಐದರಲ್ಲಿ ಪ್ರಮಾಣಕ್ಕೆ ಸೇರಿದ್ದು ಒಂದೇ. ಮಿಕ್ಕ ನಾಲ್ಕೂ ಮನಸ್ಸಿನ ಹಿಡಿತಕ್ಕೆ ಸೇರಿದವು. ಒಂದೇ ತುತ್ತು ತಿನ್ನುವವನೂ ಹೊಟ್ಟೆಬಾಕನಾಗಬಹುದು ಎಂಬುದು ಇದರ ತಾತ್ಪರ್ಯ.

ರುಚಿಯ ಪರವಾದ ವಾದ

ಇದಕ್ಕೆ ಎದುರಾಗಿ ಅಷ್ಟೇ ಹಳೆಯ ಇನ್ನೊಂದು ದನಿಯಿದೆ. ತೈತ್ತಿರೀಯ ಉಪನಿಷತ್ತಿನ ಭೃಗು ಬ್ರಹ್ಮವನ್ನು ಅರಸಹೊರಟಾಗ ಮೊದಲು ಕಂಡುಕೊಂಡದ್ದು ಅನ್ನವನ್ನು. ಅವನು ಅಲ್ಲಿಗೇ ನಿಲ್ಲದೆ ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಆನಂದಕ್ಕೆ ತಲುಪುತ್ತಾನೆ. ಆದರೂ ಅದೇ ಉಪನಿಷತ್ತು ಅನ್ನವನ್ನು ನಿಂದಿಸಬಾರದು, ಹೆಚ್ಚಾಗಿ ಬೆಳೆಯಬೇಕು, ಮನೆಗೆ ಬಂದವರನ್ನು ಹಿಂದಕ್ಕೆ ಕಳಿಸಬಾರದು ಎಂಬ ವ್ರತಗಳನ್ನು ವಿಧಿಸುತ್ತದೆ. ಮೇಲಿನ ಮೆಟ್ಟಿಲು ಹತ್ತಿದವನಿಗೂ ಕೆಳಗಿನದನ್ನು ಹೀಗಳೆಯುವ ಹಕ್ಕಿಲ್ಲ.

ಗೀತೆಯ 17ನೇ ಅಧ್ಯಾಯದ ಆಹಾರವಿಭಾಗವನ್ನು ಸಾಮಾನ್ಯವಾಗಿ ರುಚಿಯ ವಿರುದ್ಧ ಎತ್ತಿ ತೋರಿಸುತ್ತಾರೆ. ಮೂಲವನ್ನು ಗಮನಿಸಿದರೆ ಚಿತ್ರ ಬೇರೆಯಾಗಿದೆ. ಸಾತ್ವಿಕ ಆಹಾರದ ಲಕ್ಷಣಗಳಲ್ಲಿ ರಸವತ್ತಾಗಿರುವುದು, ಜಿಡ್ಡಿನಿಂದ ಕೂಡಿರುವುದು, ಮನಸ್ಸಿಗೆ ಹಿತವಾಗಿರುವುದು ಸೇರಿವೆ. ರಸ ಹೋದ, ಹಳಸಿದ ಊಟ ತಾಮಸದ ಪಾಲಿಗೆ ಬಂದಿದೆ. ರಾಜಸವೆನಿಸಿಕೊಳ್ಳುವುದು ಅತಿ ಖಾರ, ಅತಿ ಹುಳಿ, ಅತಿ ಉಪ್ಪು. ಸಪ್ಪೆಯಾಗಿದ್ದರೆ ಸಾತ್ವಿಕ ಎಂಬ ಇಂದಿನ ಎಣಿಕೆಗೆ ಅಲ್ಲಿ ಆಧಾರವಿಲ್ಲ.

ಕನ್ನಡ ನಾಡಿನ ಗ್ರಂಥಪರಂಪರೆಯೂ ಇದೇ ದಾರಿಯದು. 11ನೇ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಪಾಕಕ್ಕೆ ಒಂದು ಭಾಗವಿದೆ. 12ನೇ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಅನ್ನಭೋಗವನ್ನು ರಾಜನ ಉಪಭೋಗಗಳಲ್ಲಿ ಒಂದಾಗಿ ವಿವರಿಸುತ್ತದೆ. 16ನೇ ಶತಮಾನದ ಆರಂಭದಲ್ಲಿ ಸೂಪಶಾಸ್ತ್ರವನ್ನು ಬರೆದ ಮೂರನೆಯ ಮಂಗರಸ ಜೈನ ಕವಿ. ರಸಪರಿತ್ಯಾಗವನ್ನು ತಪಸ್ಸೆಂದು ಬಗೆದ ಧರ್ಮದವನೇ ಕಜ್ಜಾಯ, ಪಾನಕ, ಪಲ್ಯಗಳ ಪದ್ಯಗ್ರಂಥವನ್ನು ರಚಿಸಿದ್ದಾನೆ. ಇದರಲ್ಲಿ ವಿರೋಧವೇನೂ ಇಲ್ಲ. ಮುನಿಯ ವ್ರತ ಬೇರೆ, ಗೃಹಸ್ಥನ ವ್ರತ ಬೇರೆ. ಮುನಿಗೆ ಆಹಾರ ನೀಡುವುದೇ ಗೃಹಸ್ಥನ ಧರ್ಮ.

ವ್ರತ ಮತ್ತು ಹಬ್ಬ

ಎರಡು ದನಿಗಳೂ ಆಚರಣೆಯಲ್ಲಿ ಒಂದಾಗುವುದು ವ್ರತ ಮತ್ತು ಹಬ್ಬದ ಜೋಡಿಯಲ್ಲಿ. ರಂಜಾನ್ ತಿಂಗಳಲ್ಲಿ ಬೆಳಗಿನ ಸಹರಿಯಿಂದ ಸಂಜೆಯ ಇಫ್ತಾರ್‌ವರೆಗೆ ನೀರನ್ನೂ ಮುಟ್ಟದವರು ಖರ್ಜೂರದಿಂದ ಉಪವಾಸ ಬಿಡುತ್ತಾರೆ. ಅದೇ ಸಂಜೆ ಮಾಸ್ಕ್ ರಸ್ತೆಯಲ್ಲಿ ಹಲೀಮ್, ಸಮೋಸ, ಕಬಾಬುಗಳ ಹೊಗೆಯೇಳುತ್ತದೆ. ತಿನ್ನಿರಿ, ಕುಡಿಯಿರಿ, ಪೋಲು ಮಾಡಬೇಡಿ ಎಂಬುದು ಕುರ್‌ಆನಿನ ನಿಲುವು. ಹೊಟ್ಟೆಯ ಮೂರನೇ ಒಂದು ಪಾಲು ಊಟಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಇರಲಿ ಎಂದು ಪ್ರವಾದಿಯವರ ನಡೆ-ನುಡಿಗಳ ದಾಖಲೆಯಾದ ಹದೀಸ್ ಅಳತೆಯನ್ನೂ ಹೇಳುತ್ತದೆ. ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗ ದಕ್ಕದು ಎಂಬ ಗೀತೆಯ 6ನೇ ಅಧ್ಯಾಯದ ಮಾತಿಗೆ ಇದು ಹತ್ತಿರದ್ದು. ಶಿವಾಜಿನಗರದಲ್ಲಿ ಸೆಪ್ಟೆಂಬರ್ 8ರ ಮೇರಿ ಮಾತೆಯ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಅನೇಕ ಭಕ್ತರು ಕಾವಿ ಬಟ್ಟೆ ಉಟ್ಟು ಮಾಂಸ ಬಿಡುತ್ತಾರೆ. ಮಾಧ್ವರ ಮತ್ತು ಶ್ರೀವೈಷ್ಣವರ ಮನೆಗಳಲ್ಲಿ ಏಕಾದಶಿಯ ಉಪವಾಸದ ಮರುದಿನ ದ್ವಾದಶಿಯ ಪಾರಣೆ ಬರುತ್ತದೆ.

ವ್ರತ ರುಚಿಯನ್ನು ಅಳಿಸುವುದಿಲ್ಲ, ಅದಕ್ಕೊಂದು ಸರದಿ ಕೊಡುತ್ತದೆ. ದಿನವೂ ಸಿಗುವ ಪಾಯಸ ಹಬ್ಬದ ಪಾಯಸವಾಗಲಾರದು. ನಿಷೇಧ ಹೊಸ ರುಚಿಯನ್ನು ಹುಟ್ಟಿಸುವುದೂ ಉಂಟು. ಬ್ರೆಡ್ಡು, ಕೇಕು ಬ್ರಿಟಿಷರ ಜೊತೆ ಬಂದ ತಿನಿಸುಗಳು. ಹಾಸನದ ಕಡೆಯ ಅಯ್ಯಂಗಾರರು ಅವನ್ನು ಮೊಟ್ಟೆಯಿಲ್ಲದೆ ಮಾಡಲು ಕಲಿತರು. ಖಾರಾ ಬನ್ನು, ದಿಲ್‌ಪಸಂದ್, ಹನಿ ಕೇಕುಗಳಿರುವ ಅಯ್ಯಂಗಾರ್ ಬೇಕರಿ ಈಗ ಹಲಸೂರಿನಿಂದ ಕೆ.ಆರ್. ಪುರದವರೆಗೆ ಬೀದಿಬೀದಿಯಲ್ಲಿ ಸಿಗುತ್ತದೆ. ಮೊಟ್ಟೆ ಮುಟ್ಟದ ನಿಯಮವೇ ಒಂದು ಪಾಕಶೈಲಿಗೆ ತಾಯಿಯಾಯಿತು.

ಯಾರಿಗಾಗಿ ರುಚಿ?

ಮಿತಿ ಇದ್ದರೆ ಸಾಕೇ ಎಂಬುದು ಮುಂದಿನ ಪ್ರಶ್ನೆ. ಮಿತವಾಗಿ, ಒಬ್ಬನೇ, ಬಾಗಿಲು ಹಾಕಿಕೊಂಡು ಉಣ್ಣುವವನು ನಿರ್ದೋಷಿಯೇ? ಗೀತೆಯ 3ನೇ ಅಧ್ಯಾಯದ ಪ್ರಕಾರ ತನಗೆಂದಷ್ಟೇ ಬೇಯಿಸಿಕೊಳ್ಳುವವನು ಉಣ್ಣುವುದು ಪಾಪವನ್ನೇ. ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರಿಗೂ ಕೊಡಬೇಕು ಎಂಬುದು ಹದೀಸಿನ ಉಪದೇಶ. 12ನೇ ಶತಮಾನದ ಶರಣರು ಕಾಯಕದಿಂದ ಬಂದದ್ದನ್ನು ದಾಸೋಹಕ್ಕೆ ಸಲ್ಲಿಸಿದ ಮೇಲೆ ಉಳಿದದ್ದೇ ಪ್ರಸಾದ ಎಂದರು. ಹಲಸೂರಿನ ಗುರುದ್ವಾರದ ಲಂಗರಿನಲ್ಲಿ ಯಾರೇ ಬಂದರೂ ಒಂದೇ ಸಾಲಿನಲ್ಲಿ ನೆಲದ ಮೇಲೆ ಕೂತು ಒಂದೇ ಅಡುಗೆ ಉಣ್ಣುತ್ತಾರೆ.

ಹಂಚಿಕೆಯ ಜೊತೆ ರುಚಿಯ ಸಂಬಂಧವನ್ನು ಅತ್ಯಂತ ತೀಕ್ಷ್ಣವಾಗಿ ಮುಂದಿಡುವುದು ಬೇಡರ ಕಣ್ಣಪ್ಪನ ಕಥೆ. ಅರವತ್ತಮೂವರು ಶೈವ ಪುರಾತನರಲ್ಲಿ ಒಬ್ಬನಾದ ಈತನ ಬಗ್ಗೆ ಕವಿ ಹರಿಹರ ರಗಳೆ ಬರೆದಿದ್ದಾನೆ. 1954ರ ಚಲನಚಿತ್ರದಿಂದ ಕಥೆ ಮನೆಮಾತಾಯಿತು. ಸಾಂಪ್ರದಾಯಿಕ ಅಡುಗೆಮನೆಯಲ್ಲಿ ನೈವೇದ್ಯವಾಗುವ ಮೊದಲು ಯಾರೂ ರುಚಿ ನೋಡುವಂತಿಲ್ಲ. ನೋಡಿದರೆ ಅದು ಎಂಜಲು. ಕಣ್ಣಪ್ಪನಾದರೋ ಮಾಂಸವನ್ನು ತಾನೇ ಬಾಯಿಗಿಟ್ಟು, ಚೆನ್ನಾಗಿರುವುದನ್ನು ಆರಿಸಿ ಶಿವನಿಗೆ ಕೊಟ್ಟ. ನಂತರದ ರಾಮಕಥೆಗಳ ಶಬರಿಯೂ ಕಚ್ಚಿ ನೋಡಿ ಸಿಹಿ ಹಣ್ಣನ್ನೇ ರಾಮನಿಗೆ ಇಟ್ಟಳು. ರುಚಿ ನೋಡದಿರುವುದು ಒಂದು ಭಕ್ತಿ: ತನ್ನ ಸುಖವನ್ನು ಹಿಂದಕ್ಕಿಡುವುದು. ರುಚಿ ನೋಡಿ ಕೊಡುವುದು ಇನ್ನೊಂದು ಭಕ್ತಿ: ತನ್ನ ನಾಲಗೆಯನ್ನೇ ಇನ್ನೊಬ್ಬರ ಸೇವೆಗೆ ಹಚ್ಚುವುದು. ಎರಡರಲ್ಲೂ ನಾಲಗೆಗೆ ಒಡೆಯ ಬೇರೊಬ್ಬ. ರುಚಿಯ ಪ್ರಜ್ಞೆ ಯಾರತ್ತ ಮುಖ ಮಾಡಿದೆ ಎಂಬುದರಿಂದ ಅದರ ಧಾರ್ಮಿಕ ಬೆಲೆ ತೀರ್ಮಾನವಾಗುತ್ತದೆ ಎಂಬ ಸೂತ್ರವನ್ನು ಈ ಕಥೆಗಳಿಂದ ಪಡೆಯಬಹುದು.

ದಂಡಿನ ಮನೆಗಳಲ್ಲಿ ಡಿಸೆಂಬರಿನ ಬೇಕಿಂಗ್ ಈ ಸೂತ್ರಕ್ಕೆ ಹೊಂದುತ್ತದೆ. ಆಂಗ್ಲೋ-ಇಂಡಿಯನ್, ಗೋವಾ ಮತ್ತು ಮಂಗಳೂರು ಮೂಲದ ಕ್ರೈಸ್ತ ಕುಟುಂಬಗಳಲ್ಲಿ ಪ್ಲಮ್ ಕೇಕಿನ ಒಣಹಣ್ಣುಗಳನ್ನು ವಾರಗಳ ಮೊದಲೇ ರಮ್ಮಿನಲ್ಲಿ ನೆನೆಹಾಕುತ್ತಾರೆ. ಕುಲ್‌ಕುಲ್ ಎಂಬ ಸಿಹಿತಿನಿಸಿಗಾಗಿ ಮನೆಮಂದಿಯೆಲ್ಲ ಕೂತು ಹಿಟ್ಟಿನ ಉಂಡೆಗಳನ್ನು ಫೋರ್ಕಿನ ಅಥವಾ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡುತ್ತಾರೆ. ರೋಸ್ ಕುಕಿ, ಕುಲ್‌ಕುಲ್, ಕೇಕಿನ ತುಂಡುಗಳ ತಟ್ಟೆ ನೆರೆಮನೆಗಳಿಗೆ ಹೋಗುತ್ತದೆ. ರಂಜಾನ್ ಹಬ್ಬದಂದು ಶೀರ್ ಖುರ್ಮಾ, ದೀಪಾವಳಿಗೆ ಸಿಹಿ, ಸಂಕ್ರಾಂತಿಗೆ ಎಳ್ಳುಬೆಲ್ಲ ಇದೇ ಹಾದಿಯಲ್ಲಿ ಬರುತ್ತವೆ. ಈ ವಿನಿಮಯದಲ್ಲಿ ಬರೆದಿಡದ ಒಂದು ಶಿಸ್ತಿದೆ: ಮೊಟ್ಟೆ ತಿನ್ನದವರಿಗೆ ಮೊಟ್ಟೆಯಿಲ್ಲದ್ದು, ಮದ್ಯ ಮುಟ್ಟದವರಿಗೆ ರಮ್ಮಿಲ್ಲದ್ದು ಬೇರೆ ಮಾಡುತ್ತಾರೆ. ಪಡೆಯುವವರ ನಿಯಮವನ್ನು ಕೊಡುವವರು ಪಾಲಿಸುವುದು ಇಲ್ಲಿ ಆತಿಥ್ಯದ ಭಾಗ. ಮಾಸ್ಕ್ ರಸ್ತೆಯಲ್ಲಿ 1902ರಿಂದ ಇರುವ ಆಲ್ಬರ್ಟ್ ಬೇಕರಿಯನ್ನು ನಡೆಸುವುದು ಮುಸ್ಲಿಂ ಕುಟುಂಬ. ರಂಜಾನಿಗೆ ಖೋವಾ ನಾನ್ ಮಾಡುವ ಅದೇ ಒಲೆ ಗುಡ್ ಫ್ರೈಡೆಗೆ ಹಾಟ್ ಕ್ರಾಸ್ ಬನ್ನನ್ನೂ ಬೇಯಿಸುತ್ತದೆ.

ಹೋಟೆಲು ಮತ್ತು ಪಂಕ್ತಿ

ಹಣ ಕೊಟ್ಟು ಉಣ್ಣುವ ಊಟದಲ್ಲಿ ಆತಿಥ್ಯವಿಲ್ಲ, ಆದ್ದರಿಂದ ಧರ್ಮವೂ ಇಲ್ಲ ಎಂಬ ಆಕ್ಷೇಪವುಂಟು. ಅದು ಅರ್ಧ ಮಾತ್ರ ಸರಿ. ಹಳೆಯ ಪಂಕ್ತಿಭೋಜನ ಆತ್ಮೀಯವಾಗಿತ್ತು, ಹೊರಗಿಡುವುದರಲ್ಲೂ ಗಟ್ಟಿಯಾಗಿತ್ತು. ಯಾರು ಬೇಯಿಸಿದರು, ಪಕ್ಕದಲ್ಲಿ ಯಾರು ಕೂತರು ಎಂಬುದು ಜಾತಿಯ ಲೆಕ್ಕ. ಮೊದಮೊದಲಿನ ಹೋಟೆಲುಗಳೂ ಆ ಭೇದವನ್ನು ಒಳಗೆ ತಂದುಕೊಂಡವು. ಅಂಗಡಿ, ಹೋಟೆಲುಗಳ ಪ್ರವೇಶದಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟೂರಿನ ಹೆಸರಲ್ಲಿ ತಾರತಮ್ಯ ಕೂಡದೆಂದು ಸಂವಿಧಾನದ 15(2)ನೇ ವಿಧಿ ಹೇಳಬೇಕಾಗಿ ಬಂದದ್ದು ಅದಕ್ಕಾಗಿಯೇ. ಇಂದು ಇಂದಿರಾನಗರದ ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುವವರು ಪಕ್ಕದವರ ಕುಲ ಕೇಳುವುದಿಲ್ಲ. ಶರಣರು, ಸಿಖ್ ಗುರುಗಳು ಭಕ್ತಿಯಿಂದ ಮುರಿಯಹೊರಟ ಬೇಲಿಯ ಒಂದು ಭಾಗವನ್ನು ಕಾಫಿ-ತಿಂಡಿಯ ವ್ಯಾಪಾರ ತನಗರಿವಿಲ್ಲದೆ ಸಡಿಲಿಸಿದೆ.

ಉಳಿದರ್ಧದಲ್ಲಿ ಆಕ್ಷೇಪ ನಿಲ್ಲುತ್ತದೆ. ಲಂಗರಿನಲ್ಲಿ ದುಡ್ಡಿಲ್ಲದವನಿಗೂ ಜಾಗವಿದೆ, ಹೋಟೆಲಿನಲ್ಲಿ ಇಲ್ಲ. ಇಂದಿರಾನಗರದ ನೂರಡಿ ರಸ್ತೆಯ ರೆಸ್ಟೋರೆಂಟಿಗೆ ಊಟ ಪ್ಯಾಕ್ ಮಾಡಿಸಿಕೊಳ್ಳಲು ಬರುವ ಡೆಲಿವರಿ ಹುಡುಗ ಅದೇ ಊಟವನ್ನು ಅಲ್ಲಿ ಕೂತು ಉಣ್ಣುವುದು ವಿರಳ. ಊಟ ತಂದಿಟ್ಟ ಸೇವಕನನ್ನು ಜೊತೆಗೆ ಕೂರಿಸಿಕೊಳ್ಳಬೇಕು, ಆಗದಿದ್ದರೆ ಒಂದೆರಡು ತುತ್ತನ್ನಾದರೂ ಕೊಡಬೇಕು, ಒಲೆಯ ಬಿಸಿ ತಿಂದವನು ಅವನೇ ಎಂದು ಒಂದು ಹದೀಸ್ ಹೇಳುತ್ತದೆ. ಹೊರಗೆ ಉಣ್ಣುವ ಉತ್ಸಾಹಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇಲ್ಲ.

ಇನ್ನೊಬ್ಬರ ಹಬ್ಬದ ಊಟಕ್ಕಾಗಿ ಸೇರುವ ಜನಸಂದಣಿಗೂ ಇದೇ ಮಾತು ಅನ್ವಯ. ಉಪವಾಸ ಮಾಡದವರೂ ಇಫ್ತಾರ್ ಹೊತ್ತಿಗೆ ಮಾಸ್ಕ್ ರಸ್ತೆಗೆ ಬರುವುದು ಸೌಹಾರ್ದದ ಗುರುತೇ ಹೌದು. ಆದರೆ ಗದ್ದಲ, ಕಸ, ವಾಹನದಟ್ಟಣೆಯ ಕಾರಣಕ್ಕೆ ಅಲ್ಲಿನ ನಿವಾಸಿಗಳು 2023ರಲ್ಲಿ ಆಹಾರಮೇಳವನ್ನು ವಿರೋಧಿಸಿದ್ದರು. ನೆರೆಯವರಿಗೆ ಹೊರೆಯಾಗುವ ರುಚಿ ತನ್ನ ಹಬ್ಬದ ಅರ್ಥವನ್ನೇ ಕಳೆದುಕೊಳ್ಳುತ್ತದೆ.

ರಸಿಕತೆಯ ಅಹಂಕಾರ

ಉತ್ಸಾಹಿಗಳಲ್ಲಿ ಹೆಚ್ಚಾಗಿ ಕಾಣುವ ದೋಷ ಅತಿಯಾಗಿ ತಿನ್ನುವುದಲ್ಲ, ಹುಳುಕು ಹುಡುಕುವುದು. ಸಾಂಬಾರು ಸಿಹಿಯಾಯಿತು, ಬಿರಿಯಾನಿಯ ಅಕ್ಕಿ ಬೇರೆಯದು, ನಿಜವಾದ ರುಚಿ ಮೊದಲಿದ್ದ ಅಂಗಡಿಯದೇ ಎಂಬ ತೀರ್ಪುಗಳನ್ನು ಊಟಕ್ಕಿಂತ ಮೊದಲೇ ಬಡಿಸಿಬಿಡುತ್ತಾರೆ. ಪ್ರವಾದಿಯವರು ಊಟವನ್ನು ಎಂದೂ ದೂಷಿಸುತ್ತಿರಲಿಲ್ಲ, ಹಿಡಿಸಿದರೆ ಉಣ್ಣುತ್ತಿದ್ದರು, ಇಲ್ಲದಿದ್ದರೆ ಬಿಡುತ್ತಿದ್ದರು ಎಂಬ ಹದೀಸೂ, ಅನ್ನವನ್ನು ನಿಂದಿಸಬಾರದೆಂಬ ಉಪನಿಷತ್ತಿನ ವ್ರತವೂ ಇಲ್ಲಿ ಒಂದಾಗುತ್ತವೆ. ಬ್ರಿಟಿಷ್ ಲೇಖಕ ಸಿ.ಎಸ್. ಲೂಯಿಸ್ 1942ರ ಸ್ಕ್ರೂಟೇಪ್ ಲೆಟರ್ಸ್ ಕೃತಿಯಲ್ಲಿ ಒಬ್ಬ ಮುದುಕಿಯನ್ನು ಚಿತ್ರಿಸುತ್ತಾನೆ: ಅವಳಿಗೆ ಬೇಕಾದದ್ದು ಸ್ವಲ್ಪ ಚಹಾ, ಒಂದು ಚೂರು ಟೋಸ್ಟು, ಆದರೆ ಅದು ತನ್ನ ಹದಕ್ಕೇ ಬರಬೇಕೆಂಬ ಹಟದಿಂದ ಮನೆಯವರನ್ನೆಲ್ಲ ಗೋಳುಹೊಯ್ದುಕೊಳ್ಳುತ್ತಾಳೆ. ಗ್ರೆಗೊರಿಯ ಪಟ್ಟಿಯ ಪ್ರಕಾರ ಅವಳೂ ಹೊಟ್ಟೆಬಾಕಿಯೇ.

ಹಾಗೆಂದು ವಿವೇಚನೆಯೇ ತಪ್ಪಾಗದು. ಬಿರಿಯಾನಿಯ ದಮ್ಮನ್ನು ಸರಿಯಾದ ಗಳಿಗೆಯಲ್ಲಿ ಬಿಚ್ಚುವ ಬಾಣಸಿಗನಿಗೂ, ಹಿಟ್ಟು ಹುದುಗಿದ್ದನ್ನು ಕೈಯಿಂದ ತಿಳಿಯುವ ಬೇಕರಿಯವನಿಗೂ ಅದು ಬೇಕೇಬೇಕು. ಕಣ್ಣಪ್ಪನಲ್ಲಿ ಇದ್ದದ್ದೂ ಅದೇ ವಿವೇಚನೆ. ಒಳ್ಳೆಯದನ್ನು ಆರಿಸಿ ಕೊಡಲು ಬಳಸಿದರೆ ಅದು ಸೇವೆ; ಬೇಯಿಸಿದವರನ್ನು ಕೀಳಾಗಿಸಲು ಬಳಸಿದರೆ ದರ್ಪ.

ನಿರ್ಣಯ

ಹೀಗೆ ನೋಡಿದರೆ, ರುಚಿಯಲ್ಲಿ ಸಂತೋಷಪಡುವುದನ್ನು ಗೃಹಸ್ಥನ ಪಾಲಿಗೆ ಯಾವ ಪರಂಪರೆಯೂ ಪಾಪವೆನ್ನುವುದಿಲ್ಲ; ಅದನ್ನು ಬಿಡುವುದನ್ನು ಸನ್ಯಾಸಿಗೆ, ಭಿಕ್ಷುವಿಗೆ, ವ್ರತದ ದಿನಗಳಿಗೆ ಮೀಸಲಿಟ್ಟಿವೆ. ಉಳಿದವರ ಮುಂದೆ ಅವು ಮೂರು ಷರತ್ತುಗಳನ್ನು ಇಡುತ್ತವೆ. ಬೇಡವೆಂದಾಗ ನಾಲಗೆ ನಿಲ್ಲಬೇಕು, ಉಣ್ಣುವುದು ಇನ್ನೊಬ್ಬರಿಗೂ ಸಿಗಬೇಕು, ಬೇಯಿಸಿದವರ ಬಗ್ಗೆ ಕೃತಜ್ಞತೆ ಇರಬೇಕು. ಮೊದಲನೆಯದನ್ನು ಉಪವಾಸ ಕಲಿಸುತ್ತದೆ, ಎರಡನೆಯದನ್ನು ದಾಸೋಹ ಮತ್ತು ಲಂಗರ್ ಕಲಿಸುತ್ತವೆ. ಮೂರನೆಯದಕ್ಕೆ ವಿಧಿ, ಸಂಸ್ಥೆಗಳ ಆಸರೆ ಕಡಿಮೆ. ಅದನ್ನು ಉಣ್ಣುವವರೇ ರೂಢಿಸಿಕೊಳ್ಳಬೇಕು.