ಕೋವಿಗೊಂದು ಹೊಸ ಮರ

ಮಲೆನಾಡಿನ ಕೋವಿಯಲ್ಲಿ ಮೊದಲು ಮುಪ್ಪಡರುವುದು ಕಬ್ಬಿಣಕ್ಕಲ್ಲ, ಮರಕ್ಕೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಹಳೆಯ ತೋಟದ ಮನೆಗಳಲ್ಲಿ ಅಜ್ಜನ ಕಾಲದ ಬೇಟೆಯ ಕೋವಿಯೊಂದು ಉಳಿದುಬಂದಿದ್ದರೆ, ಆಗಾಗ ಎಣ್ಣೆ ಕಂಡ ಅದರ ನಳಿಗೆಯು ಮೂರು ತಲೆಮಾರು ದಾಟಿಯೂ ನೆಟ್ಟಗಿರುತ್ತದೆ. ಆದರೆ ಆಷಾಢದ ಜಡಿಮಳೆಯ ತೇವವನ್ನು ಕುಡಿದು, ಬೇಸಗೆಯಲ್ಲಿ ಒಣಗಿ, ಮತ್ತೆ ತೇವ ಕುಡಿದು, ಒಮ್ಮೊಮ್ಮೆ ಗೆದ್ದಲಿಗೂ ತುತ್ತಾಗುವ ಹಿಂಬದಿಯ ಮರವು, ಈಡು ಹಾರಿಸುವ ಕುದುರೆಯ ಹಿಂದೆ ಕೈ ಹಿಡಿಯುವ ತೆಳ್ಳನೆಯ ಭಾಗದಲ್ಲಿ ಒಂದು ದಿನ ಸೀಳಿಬಿಡುತ್ತದೆ. ಆಗ ಯಜಮಾನನು ಮರ ಹುಡುಕಲು ಹೊರಡುತ್ತಾನೆ.

ಹುಡುಕಾಟವು ಎಣಿಸಿದಷ್ಟು ಸುಲಭವಲ್ಲ. ವಿಲಾಯಿತಿಯ ಕೋವಿಗಳಿಗೆ ಹಾಕುತ್ತಿದ್ದುದು ಅಕ್ರೋಟಿನ ಮರ. ಅದು ಕಾಶ್ಮೀರದ ಕಡೆಯ ವೃಕ್ಷವೇ ಹೊರತು ನಮ್ಮ ಘಟ್ಟದ್ದಲ್ಲ. ಇಲ್ಲಿಯ ಬೀಟೆಯು ಚೆಲುವಿನಲ್ಲಿ ಅದಕ್ಕೆ ಸೋಲದಾದರೂ ತೂಕದಲ್ಲಿ ಮೀರುತ್ತದೆ, ಮೇಲಾಗಿ ಸ್ವಂತ ಜಮೀನಿನಲ್ಲಿ ಬೆಳೆದುದನ್ನೂ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ. ತೇಗವು ಮಳೆಗೆ ಜಗ್ಗದು, ಆದರೆ ತೆಳುವಾಗಿ ಕಡೆದಲ್ಲಿ ಎಳೆಯುದ್ದಕ್ಕೂ ಸೀಳುವ ಸ್ವಭಾವ ಅದರದು. ಆದುದರಿಂದ ಬಲ್ಲವರು ಕಾಡಿನತ್ತ ನೋಡದೆ, ಬಿಚ್ಚಿದ ಹಳೆಯ ಮನೆಯ ತೊಲೆಯನ್ನೋ ಮುರಿದ ಮಂಚದ ಕಾಲನ್ನೋ ಅರಸುತ್ತಾರೆ. ದಶಕಗಳ ಕಾಲ ಸೂರಿನಡಿ ಒಣಗಿದ ಮರವು ಇನ್ನು ಸೊಟ್ಟಗಾಗಲಾರದು. 1959ರ ಶಸ್ತ್ರಾಸ್ತ್ರ ಕಾಯಿದೆಯು ದುರಸ್ತಿಗೂ ಪರವಾನಗಿ ಬೇಕೆನ್ನುವುದರಿಂದ ಊರ ಬಡಗಿಯ ಕೈಗೆ ಕೋವಿಯನ್ನು ಒಪ್ಪಿಸುವಂತಿಲ್ಲ. ಪರವಾನಗಿಯುಳ್ಳ ಕಸಬುದಾರನು ಮಾಡುವ ಕೆಲಸವೋ ನೋಡತಕ್ಕದ್ದು: ಕಬ್ಬಿಣದ ಭಾಗಕ್ಕೆ ದೀಪದ ಮಸಿಯನ್ನು ತೆಳ್ಳಗೆ ಸವರಿ, ಕೊರೆದ ಮರದೊಳಗೆ ಒತ್ತಿ ತೆಗೆದು, ಕಪ್ಪು ಅಂಟಿದ ಉಬ್ಬನ್ನಷ್ಟೇ ಉಳಿಯಿಂದ ಕೆರೆದು, ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆರೆತ, ಹೀಗೆ ಎಲ್ಲೆಡೆಯೂ ಮಸಿ ಸಮನಾಗಿ ಮೂಡುವವರೆಗೆ. ಕಬ್ಬಿಣ ಒಂದೇ ಕಡೆ ತಾಗಿದ್ದರೆ ಈಡಿನ ಹೊಡೆತವೆಲ್ಲ ಅಲ್ಲಿಯೇ ಬಿದ್ದು ಹೊಸ ಮರವೂ ಒಡೆಯುತ್ತದೆ.

ಇಷ್ಟೆಲ್ಲ ಆದ ಬಳಿಕ ಮನೆಯ ಮುದುಕಿಯೊಬ್ಬಳು, ಇದು ನಮ್ಮ ಮಾವನವರ ಕೋವಿಯಲ್ಲವೆಂದರೆ ಏನೆನ್ನುವುದು? ಸರ್ಕಾರದ ಉತ್ತರ ಸಿದ್ಧವಾಗಿದೆ: ಪರವಾನಗಿಯ ಪುಸ್ತಕದಲ್ಲಿರುವುದು ಕಬ್ಬಿಣದ ಮೇಲಿನ ಸಂಖ್ಯೆ, ಸಂಖ್ಯೆ ಅದೇ ಆದ್ದರಿಂದ ಕೋವಿಯೂ ಅದೇ. ಆದರೆ ಮುದುಕಿ ಕಂಡುದು ಸಂಖ್ಯೆಯನ್ನಲ್ಲ. ಮಾವನವರ ಕೆನ್ನೆ ಆನಿಸಿ ನುಣುಪಾದುದು, ಅಂಗೈಯ ಬೆವರು ಹೀರಿ ಕಪ್ಪಾದುದು ಆ ಮರ. ಪ್ರಾಣಿಯನ್ನು ಕೊಂದುದು ಕಬ್ಬಿಣ, ಮನುಷ್ಯನನ್ನು ಅರಿತುದು ಮರ.

ವೈಶೇಷಿಕರನ್ನು ಕೇಳಿದರೆ ಅವರು ನಿರ್ದಾಕ್ಷಿಣ್ಯವಾಗಿ ಮುದುಕಿಯ ಪಕ್ಷ ವಹಿಸುವರು: ಅವಯವಗಳಲ್ಲಿ ಒಂದು ಕಳಚಿದರೂ ಹಿಂದಿನ ಅವಯವಿ ನಾಶವಾಗಿ ಬೇರೊಂದು ಹುಟ್ಟುತ್ತದೆಂಬುದು ಅವರ ಮತ. ಮಿಲಿಂದರಾಜನಿಗೆ ರಥದ ದೃಷ್ಟಾಂತ ಹೇಳಿದ ಬೌದ್ಧ ಭಿಕ್ಷು ನಾಗಸೇನನಾದರೋ, ಭಾಗಗಳ ಕೂಟಕ್ಕೆ ಇಟ್ಟ ಹೆಸರಿನಾಚೆಗೆ ಕೋವಿ ಎಂಬುದು ಎಂದಿಗೂ ಇರಲಿಲ್ಲವೆಂದು ನಕ್ಕಾನು. ಈ ಎರಡೂ ತೀರ್ಪುಗಳು ತರ್ಕಕ್ಕೆ ಒಪ್ಪಿಗೆಯಾಗಬಹುದು, ಮನೆಗೆ ಸಾಲವು.

ನರಸಿಂಹರಾಜಪುರದ ಸಿಂಹನಗದ್ದೆ ಬಸ್ತಿಯಲ್ಲಿ ಜ್ವಾಲಾಮಾಲಿನಿಯ ಸನ್ನಿಧಿಯಿದೆ. ಅಲ್ಲಿಯ ಜೈನರ ದರ್ಶನ ಇನ್ನೂ ಸೂಕ್ಷ್ಮ. ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡಿದರೆ ಕಲಶ ಬೇಕಾಗಿದ್ದವನು ಅಳುತ್ತಾನೆ, ಕಿರೀಟ ಬೇಕಾಗಿದ್ದವನು ಹಿಗ್ಗುತ್ತಾನೆ, ಚಿನ್ನವಷ್ಟೇ ಬೇಕಾಗಿದ್ದವನು ಸುಮ್ಮನಿರುತ್ತಾನೆ ಎಂದು ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ವಾದಿಸುತ್ತಾರೆ. ಉತ್ಪತ್ತಿ, ವ್ಯಯ, ಧ್ರೌವ್ಯ ಮೂರೂ ಏಕಕಾಲದಲ್ಲಿ ನಿಜವೆಂಬುದು ಅದರ ಸಾರ. ಹಳೆಯ ಮರಕ್ಕಾಗಿ ಮರುಗುವ ನಮ್ಮ ಮುದುಕಿ, ಹೊಸ ಮರ ಹಾಕಿಸಿದ ಮೊಮ್ಮಗ, ಸಂಖ್ಯೆಯನ್ನಷ್ಟೇ ನೋಡುವ ಠಾಣೆಯ ಗುಮಾಸ್ತ, ಮೂವರೂ ಅಲ್ಲಿ ಸಿಕ್ಕರು. ಆದರೆ ಅದೇ ಆಚಾರ್ಯರು ರತ್ನಕರಂಡಕದಲ್ಲಿ, ಹಿಂಸೆಯ ಸಾಧನಗಳನ್ನು ಪರರಿಗೆ ಒದಗಿಸುವುದನ್ನೂ ದೋಷವೆಂದು ಎಣಿಸಿದ್ದಾರೆ. ಅವರು ಮರದ ಪ್ರಶ್ನೆಗೆ ಮುನ್ನ ಈಡಿನ ಪ್ರಶ್ನೆಯನ್ನೇ ಎತ್ತುತ್ತಿದ್ದರು. ಎತ್ತಬೇಕಾದುದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದೀಚೆಗೆ ಬೇಟೆಯ ಕಾಲ ಮುಗಿಯಿತು. ಆಯುಧಪೂಜೆಯಂದು ಕುಂಕುಮ ಹಚ್ಚಿಸಿಕೊಳ್ಳುವುದಕ್ಕಾಗಿಯೇ ಕೆಳಗಿಳಿಯುವ ಕೋವಿಗಳೇ ಈಗ ಬಹಳ. ಮರ ಹೋಯಿತು, ಕರ್ಮವೂ ಹೋಯಿತು. ಅದೇ ಎನ್ನಲು ಉಳಿದುದೇನು?

ಇಲ್ಲಿ ಶಂಕರರ ಮಾತು ನನಗೆ ಕೊನೆಯ ಆಸರೆಯಾಗಿ ತೋರುತ್ತದೆ. ಕ್ಷಣಿಕವಾದವನ್ನು ಖಂಡಿಸುವಾಗ ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಅವರು, ಹೊರಗಿನ ವಸ್ತುವಿನ ವಿಷಯದಲ್ಲಿ ಇದು ಅದೇಯೋ ಅದರಂಥದೋ ಎಂಬ ಸಂದೇಹ ಒಮ್ಮೊಮ್ಮೆ ಬರಬಹುದು, ಆದರೆ ಕಾಣುವವನಿಗೆ ತನ್ನ ವಿಷಯದಲ್ಲಿ ನಾನು ನಿನ್ನೆ ಕಂಡವನೋ ಅವನಂಥವನೋ ಎಂಬ ಸಂದೇಹ ಎಂದಿಗೂ ಬಾರದು ಎನ್ನುತ್ತಾರೆ. ಕೋವಿಯ ಅನನ್ಯತೆಯನ್ನು ಕೋವಿಯಲ್ಲಿ ಹುಡುಕುವುದೇ ವ್ಯರ್ಥ. ಅದನ್ನು ಸಂದೇಹಕ್ಕೆ ಬಿಟ್ಟುಕೊಟ್ಟರೂ ಗುರುತಿಸಿದವಳು ಉಳಿಯುತ್ತಾಳೆ. ಮುದುಕಿಯ ವ್ಯಥೆಯು ಸುಳ್ಳಲ್ಲ, ಆದರೆ ಅದರ ನೆಲೆ ಮರದಲ್ಲಿಲ್ಲ.

ಶೃಂಗೇರಿಯ ನಡವಳಿಕೆಯೂ ಇದಕ್ಕೆ ಹೊರತಲ್ಲ. ಶಂಕರಾಚಾರ್ಯರು ಪ್ರತಿಷ್ಠಿಸಿದ ಶಾರದೆಯ ಮೂರ್ತಿ ಶ್ರೀಗಂಧದ್ದೆಂದೂ, ಹದಿನಾಲ್ಕನೆಯ ಶತಮಾನದಲ್ಲಿ ಅದರ ಸ್ಥಾನಕ್ಕೆ ಸುವರ್ಣಮೂರ್ತಿ ಬಂದಿತೆಂದೂ, ಹಳೆಯ ದಾರುಮೂರ್ತಿಯು ವಿದ್ಯಾಶಂಕರ ದೇವಾಲಯದಲ್ಲಿದೆಯೆಂದೂ ಪರಂಪರೆ ಹೇಳುತ್ತದೆ. ಮರ ಮತ್ತು ಹೆಂಚಿನ ಗುಡಿಯ ಸ್ಥಾನದಲ್ಲಿ ಎದ್ದ ಕಲ್ಲಿನ ದೇವಾಲಯಕ್ಕೆ ಕುಂಭಾಭಿಷೇಕವಾದುದು 1916ರಲ್ಲಿ. ದಾರು ಸುವರ್ಣವಾಯಿತೆಂದು ಶಾರದೆ ಬೇರೆಯಾದಳೆಂದು ಯಾವ ಭಕ್ತನೂ ಹೇಳಲಿಲ್ಲ. ಮುಖ್ಯವೆಂದರೆ, ಚಿನ್ನಕ್ಕೆ ಗಂಧದ ಬಣ್ಣ ಬಳಿದು ಅದನ್ನು ಮರವೆಂದು ಯಾರೂ ನಂಬಿಸಲಿಲ್ಲ.

ಆದುದರಿಂದ ಕೋವಿಗೆ ಮರ ಹಾಕಿಸುವವರಲ್ಲಿ ನನ್ನದೊಂದು ವಿಜ್ಞಾಪನೆ. ಹೊಸ ಮರಕ್ಕೆ ಕಪ್ಪು ಹಚ್ಚಿ, ಬೇಕೆಂದೇ ಗೀರು ಎಳೆದು, ಶತಮಾನದ್ದೆಂದು ತೋರಿಸುವ ಚಾಳಿಯನ್ನು ಬಿಡಿ. ಅಗಸೆ ಎಣ್ಣೆಯನ್ನಷ್ಟೇ ಉಜ್ಜಿ, ಅದು ಬೀಟೆಯಾದರೆ ಬೀಟೆಯಾಗಿಯೇ ಇರಲಿ. ಕಬ್ಬಿಣದಡಿ ಮುಚ್ಚಿಹೋಗುವ ಒಳಮೈಯಲ್ಲಿ, ಮರ ಬಂದುದು ಯಾವ ಮನೆಯ ಯಾವ ತೊಲೆಯಿಂದ, ಹಾಕಿದ ವರ್ಷ ಯಾವುದು ಎಂದು ಬರೆಯಿಸಿ. ಸೀಳಿದ ಹಳೆಯ ಮರವನ್ನು ಒಲೆಗೆ ಹಾಕದೆ ಮುದುಕಿಯ ಕೈಗೆ ಕೊಡಿ. ಅದಕ್ಕೆ ಪರವಾನಗಿ ಬೇಕಿಲ್ಲ.