ಏನನ್ನೂ ಕೇಳದ ಗಿಡ

ಕೇಳಿದವರಿಗೆ ಕೊಡುವುದು ನಮಗೆ ರೂಢಿ. ಕೇಳದವರನ್ನು ನೆನೆಯುವುದು ನಮ್ಮಲ್ಲಿ ಎಷ್ಟು ಜನಕ್ಕೆ ರೂಢಿ? ಬಯಲುಸೀಮೆಯ ಬೇಲಿಸಾಲಿನಲ್ಲಿ, ಕಲ್ಲುಗುಡ್ಡದ ಬುಡದಲ್ಲಿ ತಾನಾಗಿ ಬೆಳೆಯುವ ಕರಿತುಂಬೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ತುಳಸಿಯ ಬಳಗದ ಪೊದೆಗಿಡ ಇದು. ಚೌಕನೆಯ ಕಾಂಡ, ಬಿಳಿರೋಮ ಹೊದ್ದ ದಪ್ಪ ಎಲೆ, ನಸುನೇರಳೆ ಹೂ. ಎಲೆಯ ರೋಮ ಬಿಸಿಲನ್ನು ತಡೆದು ಒಳಗಿನ ಪಸೆಯನ್ನು ಉಳಿಸುತ್ತದೆ. ಎಲೆಯ ಘಾಟು ಮೇಯುವ ಬಾಯಿಗಳನ್ನು ದೂರವಿಡುತ್ತದೆ. ನಮಗೆ ಪರಿಮಳವಾದದ್ದು ಅದಕ್ಕೆ ಬದುಕಿನ ಕಾವಲು. ಯಾರನ್ನೋ ಮೆಚ್ಚಿಸಲೆಂದು ಹುಟ್ಟಿದ ಗುಣವಲ್ಲ ಅದು. ತನ್ನ ನೆಲದಲ್ಲಿ ನೆಟ್ಟಗೆ ನಿಲ್ಲಲು ಪಡೆದ ಗುಣ. ಮನುಷ್ಯರ ಒಳ್ಳೆಯತನವೂ ಹೀಗೇ ಇದ್ದರೆ ಎಷ್ಟು ಚೆನ್ನ!

ಇದೇ ಬಯಲುಸೀಮೆಯಲ್ಲಿ, 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾದ ಮೇಲೆ, ಕಾಲುವೆಯ ನೀರು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಭತ್ತದ ಬಯಲುಗಳನ್ನೇ ಹಾಸಿತು. ಅದು ಅನ್ನದ ಭಾಗ್ಯ, ಅದಕ್ಕೆ ಕೈಮುಗಿಯೋಣ. ಆದರೆ ನೀರು ಬಂದೊಡನೆ ಅಂಗಳದಲ್ಲಿಯೂ ನೀರು ಕುಡಿಯುವ ಗಿಡಗಳಿಗೇ ಮಣೆ ಹಾಕುವುದೇಕೆ? ಪೇಟೆಯಿಂದ ತಂದ ಹುಲ್ಲುಹಾಸಿಗೆ ದಿನವೂ ನೀರುಣಿಸುತ್ತೇವೆ, ಬೇಲಿಯ ಕರಿತುಂಬೆಯನ್ನು ಕಳೆಯೆಂದು ಕೀಳುತ್ತೇವೆ. ಮನೆಯಲ್ಲೂ ಅಷ್ಟೇ ಅಲ್ಲವೇ? ಹಟ ಹಿಡಿದ ಮಗುವಿನ ಸುತ್ತ ಎಲ್ಲರೂ ನೆರೆಯುತ್ತಾರೆ. ಮೂಲೆಯಲ್ಲಿ ಸುಮ್ಮನೆ ಓದುತ್ತ ಕುಳಿತ ಮಗು ಉಂಡಿತೇ ಎಂದು ವಿಚಾರಿಸುವವರಿಲ್ಲ.

ಕಾಲುವೆ ಬರುವ ಎಷ್ಟೋ ಮೊದಲೇ ಈ ನೆಲದಲ್ಲಿ ಬಾಳಿದವರಿದ್ದರು. ಅದೇ ಜಿಲ್ಲೆಯ ಕುಡತಿನಿಯ ಬೂದಿದಿಬ್ಬ ಸುಮಾರು 4000 ವರ್ಷಗಳ ಹಿಂದೆ ಇಲ್ಲಿ ದನ ಸಾಕಿ ಬಾಳಿದವರ ಕುರುಹು. ಸಗಣಿ ಸುಟ್ಟ ಬೂದಿ ತಲೆಮಾರುಗಳ ಕಾಲ ಗುಡ್ಡೆಯಾಗುತ್ತ ಹೋಗಿ ದಿಬ್ಬವಾಯಿತು. ಅಣೆಕಟ್ಟು, ಕಾಲುವೆಗಳಿಲ್ಲದ ಆ ಕಾಲದಲ್ಲಿ ನೆಲ ಕೊಟ್ಟಷ್ಟರಲ್ಲೇ ಬಾಳು ಕಟ್ಟಬೇಕಿತ್ತು. ಆ ವಿವೇಕವನ್ನು ಅಂಗಳದ ಒಂದು ಮೂಲೆಯಲ್ಲಾದರೂ ನಾವು ಉಳಿಸಿಕೊಳ್ಳಬಾರದೇ?

ಮುಂಗಾರಿನ ಹೊತ್ತಿಗೆ ಕರಿತುಂಬೆಯ ಒಂದು ಸಸಿ ನೆಡೋಣ. ಎರೆಮಣ್ಣಾದರೆ ಗರಸು ಬೆರೆಸಿ ಏರು ಮಾಡೋಣ. ನಿಂತ ನೀರು ಬೇರಿಗೆ ಕೇಡು. ಬೇರು ಹಿಡಿಯುವತನಕ ನೀರು, ಆಮೇಲೆ ಬಿಸಿಲು ಮತ್ತು ಜಾಗ. ಹೂ ಬಿಟ್ಟಾಗ ಜೇನುಹುಳು ಬರಲಿ. ಕೈಹಿಡಿದು ಕೊಡುವುದು ಪ್ರೀತಿಯಾದರೆ, ಕೈ ತಡೆದು ನಿಲ್ಲುವುದೂ ಪ್ರೀತಿಯೇ. ಆದರೆ ತಡೆಯಬೇಕಾದದ್ದು ಕೈಯನ್ನು ಮಾತ್ರ, ಕಣ್ಣನ್ನಲ್ಲ. ಕೇಳದವರಿಗೆ ನಮ್ಮಿಂದ ಸಲ್ಲಬೇಕಾದದ್ದು ಈ ಗಮನವೇ. ಅವರು ಕೇಳುವ ಮುನ್ನವೇ ಅದನ್ನು ಕೊಡಲು ಕಲಿಯೋಣ.